ಮೇಲಿನ ಗಾಳಿ ಕೆಳಗಿನ ಗಾಳಿಯನ್ನು ಏಕೆ ಕಾಯಬೇಕು? – ಒಂದು ಮಾದರಿ ವಿಮಾನ ಕಟ್ಟಿದ ಅನುಭವ

ಅಭ್ಯಾಸ ಬೋಧನೆಯ ಅವಲೋಕನ ಪುಸ್ತಕದಲ್ಲಿ ನಾನು ಬರೆದ ಒಂದು ಷರಾ ತಪ್ಪಾಗಿತ್ತು. ಅದು ತಪ್ಪು ಎಂದು ಪೂರ್ತಿ ಮನವರಿಕೆಯಾಗುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಈ ನಡುವೆ ನಾವು ಎಂಟು ಅಡಿ ರೆಕ್ಕೆಯ ರೇಡಿಯೊ ನಿಯಂತ್ರಿತ ಮಾದರಿ ವಿಮಾನವೊಂದನ್ನು ಕಟ್ಟಿ, ಒಮ್ಮೆ ಬೀಳಿಸಿ, ಮತ್ತೆ ಕಟ್ಟಿದೆವು. ಕಟ್ಟುವ ವಿಧಾನವನ್ನೂ ಅದರಿಂದ ಹುಟ್ಟಿದ ಪಾಠಗಳನ್ನೂ ಭೌತವಿಜ್ಞಾನ ಬೋಧನಾ ಪದ್ಧತಿಯ ಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ದಾಖಲಿಸುತ್ತಿದ್ದೇನೆ.

ನಮ್ಮ ಕಾಲೇಜು ಇರುವುದು ನಂಜನಗೂಡಿನಲ್ಲಿ. ಆ ಸಾಲಿನಲ್ಲಿ ಒಂದು ತಂಡಕ್ಕೆ ತಿ. ನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆ ಇಂಟರ್ನ್‌ಶಿಪ್‌ಗೆ ಸಿಕ್ಕಿತ್ತು. ಒಂಬತ್ತನೇ ತರಗತಿಗೆ ಒತ್ತಡದ ಪಾಠ ಮಾಡುತ್ತಿದ್ದ ಪ್ರಶಿಕ್ಷಣಾರ್ಥಿ ಪಾಠದ ಕೊನೆಗೆ ವಿಮಾನದ ರೆಕ್ಕೆಯ ಅಡ್ಡಕೊಯ್ತದ ಚಿತ್ರ ಬರೆದಳು. ವಿವರಣೆ ನಮಗೆಲ್ಲ ಪರಿಚಿತವಾದದ್ದೇ. ರೆಕ್ಕೆಯ ಮೇಲ್ಮೈ ಉಬ್ಬಿದೆ, ಕೆಳಮೈ ಚಪ್ಪಟೆ. ಮುಂತುದಿಯಲ್ಲಿ ಇಬ್ಭಾಗವಾದ ಗಾಳಿ ಹಿಂತುದಿಯಲ್ಲಿ ಒಟ್ಟಿಗೆ ಸೇರಬೇಕು. ಮೇಲಿನ ದಾರಿ ಉದ್ದವಾದ್ದರಿಂದ ಮೇಲಿನ ಗಾಳಿ ವೇಗವಾಗಿ ಓಡುತ್ತದೆ, ವೇಗ ಹೆಚ್ಚಾದಲ್ಲಿ ಒತ್ತಡ ಕಡಿಮೆ, ಆದ್ದರಿಂದ ವಿಮಾನ ಮೇಲೇರುತ್ತದೆ. ಚಿತ್ರ ಸ್ಫುಟವಾಗಿತ್ತು, ಪೂರ್ವಜ್ಞಾನಕ್ಕೆ ಏಳನೇ ತರಗತಿಯ ಗಾಳಿಯ ಪಾಠವನ್ನು ಜೋಡಿಸಿದ್ದಳು, ಕಾಗದದ ಪಟ್ಟಿಯ ಮೇಲೆ ಊದಿ ತೋರಿಸಿದಳು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ‘ಪರಿಕಲ್ಪನೆ ಸ್ಪಷ್ಟ, ನಿರೂಪಣೆ ಉತ್ತಮ’ ಎಂದು ಬರೆದೆ.

ಆಗ ಮೂರನೇ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಮೇಲ್ಗಡೆ ಗಾಳಿ ಕೆಳಗಡೆ ಗಾಳೀನ ಯಾಕೆ ಕಾಯ್ಬೇಕು? ಅದಕ್ಕೇನು ಗೊತ್ತು ಇಬ್ರೂ ಜೊತೇಲಿ ಹೊರಟಿದ್ದು ಅಂತ?” ಎಂದಳು. ತರಗತಿ ನಕ್ಕಿತು. ನಗು ನಿಲ್ಲುವ ಮೊದಲೇ ಪಕ್ಕದ ಸಾಲಿನ ಹುಡುಗ, “ಗಾಳಿಪಟಕ್ಕೆ ಉಬ್ಬೇ ಇಲ್ವಲ್ಲ ಮಿಸ್, ಅದ್ಹೆಂಗೆ ಏರ್ತದೆ?” ಎಂದು ಸೇರಿಸಿದ. ಆಷಾಢದ ಗಾಳಿ ಮುಗಿದು ಇನ್ನೂ ಹೆಚ್ಚು ದಿನವಾಗಿರಲಿಲ್ಲ, ಅವನ ಕೈಬೆರಳಿನಲ್ಲಿ ದಾರ ಕೊಯ್ದ ಗುರುತು ಇದ್ದರೂ ಇದ್ದೀತು. ಪ್ರಶಿಕ್ಷಣಾರ್ಥಿ ನನ್ನ ಕಡೆ ನೋಡಿದಳು. ನನ್ನಲ್ಲೂ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇನೆ” ಎಂದು ಪಾಠ ಮುಗಿಸಿದಳು. ನಾನು ಷರಾ ತಿದ್ದಲಿಲ್ಲ.

ಉತ್ತರ ಪುಸ್ತಕದಲ್ಲಿ ಸಿಗದೆ ಇರಲಿಲ್ಲ. ಇಬ್ಭಾಗವಾದ ಗಾಳಿ ಮತ್ತೆ ಒಟ್ಟಿಗೆ ಸೇರಲೇಬೇಕೆಂಬ ನಿಯಮ ಯಾವುದೂ ಇಲ್ಲ ಎಂದು ವಾಯುಚಲನ ವಿಜ್ಞಾನದ ಒಳ್ಳೆಯ ಪುಸ್ತಕಗಳು ಸ್ಪಷ್ಟವಾಗಿಯೇ ಹೇಳುತ್ತವೆ. ಆದರೆ ಒಂದು ಪುಸ್ತಕದ ಮಾತನ್ನು ಇನ್ನೊಂದು ಪುಸ್ತಕದ ಮಾತಿನಿಂದ ಅಳಿಸಿದರೆ ಮಕ್ಕಳಿಗೆ ಸಿಗುವುದು ಮತ್ತೊಂದು ಬಾಯಿಪಾಠ ಅಷ್ಟೆ. ಅಳೆದು, ತೂಗಿ, ಲೆಕ್ಕ ಹಾಕಿ ತೋರಿಸುವುದಾದರೆ ನಿಜವಾಗಿ ಹಾರುವ ಒಂದು ರೆಕ್ಕೆ ಕೈಯಲ್ಲಿರಬೇಕು. ಹೀಗೆ ವಿಮಾನದ ಯೋಚನೆ ಬಂತು.

ಏಕೆ ದೊಡ್ಡದು?

ಪ್ರಶಿಕ್ಷಣಾರ್ಥಿಗಳು ಮೊದಲು ಸೂಚಿಸಿದ್ದು 1.2 ಮೀಟರ್ ರೆಕ್ಕೆಯ ಸಣ್ಣ ಮಾದರಿಯನ್ನು. ಅದು ಅಗ್ಗ, ಕಟ್ಟುವುದು ಸುಲಭ. ಆದರೆ ಸಣ್ಣ ಮಾದರಿ ಬಯಲುಗಾಳಿಗೆ ತರಗೆಲೆಯಂತೆ ಹೊಯ್ದಾಡುತ್ತದೆ, ಸ್ವಲ್ಪ ದೂರ ಹೋದರೆ ಯಾವ ಕಡೆ ವಾಲಿದೆ ಎಂಬುದೇ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದರ ರೆಕ್ಕೆಯ ಮೇಲ್ಮೈಗೂ ಕೆಳಮೈಗೂ ಇರುವ ಉದ್ದದ ವ್ಯತ್ಯಾಸವನ್ನು ಮಕ್ಕಳ ಅಳತೆಪಟ್ಟಿಯಲ್ಲಿ ನಂಬುವಂತೆ ಅಳೆಯಲು ಆಗುವುದಿಲ್ಲ. ಹಾಗಾಗಿ 2.4 ಮೀಟರ್ ಅಗಲ ಹಾಸಿನ, 36 ಸೆಂಟಿಮೀಟರ್ ಪಟ್ಟಿ ಅಗಲದ ರೆಕ್ಕೆಯನ್ನು ಆರಿಸಿಕೊಂಡೆವು. ವಿಸ್ತೀರ್ಣ 0.864 ಚದರ ಮೀಟರ್.

ಸಣ್ಣ ನಕ್ಷೆಯನ್ನು ಎರಡರಷ್ಟು ಹಿಗ್ಗಿಸಿದರೆ ಸಾಕು ಎಂದು ಹಲವರು ಎಣಿಸಿದ್ದರು. ಇದು ಗಣಿತದ ಒಂದು ಒಳ್ಳೆಯ ಪಾಠವಾಯಿತು. ಉದ್ದ ಎರಡರಷ್ಟಾದರೆ ವಿಸ್ತೀರ್ಣ ನಾಲ್ಕರಷ್ಟು, ಗಾತ್ರ ಎಂಟರಷ್ಟು. ಅದೇ ವಸ್ತುಗಳಿಂದ ಎಲ್ಲವನ್ನೂ ಎರಡರಷ್ಟು ದಪ್ಪ ಮಾಡಿ ಕಟ್ಟಿದರೆ 900 ಗ್ರಾಮಿನ ವಿಮಾನ 7.2 ಕಿಲೋ ಆಗುತ್ತದೆ, ಹೊರುವ ರೆಕ್ಕೆ ಮಾತ್ರ ನಾಲ್ಕೇ ಪಟ್ಟು. ಪ್ರತಿ ಚದರ ಸೆಂಟಿಮೀಟರ್ ರೆಕ್ಕೆಯ ಮೇಲೆ ಬೀಳುವ ಭಾರ ಇಮ್ಮಡಿ. ಆದ್ದರಿಂದ ದೊಡ್ಡ ಮಾದರಿ ಕಟ್ಟುವುದೆಂದರೆ ಮುಖ್ಯವಾಗಿ ತೂಕ ಕಳೆಯುವ ಕೆಲಸ. ಗುರಿ 5 ಕಿಲೋದೊಳಗೆ ಎಂದು ಹಲಗೆಯ ಮೇಲೆ ಬರೆದಿಟ್ಟೆವು. ಕೊನೆಗೆ ತಕ್ಕಡಿಯಲ್ಲಿ ಬಂದದ್ದು 4.8.

ಈ ತೂಕಕ್ಕೆ ಕಾನೂನಿನ ಮಾತೂ ಇದೆ. 2021ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಡ್ರೋನ್ ನಿಯಮಗಳಲ್ಲಿ 2 ಕಿಲೋ ದಾಟಿ 25 ಕಿಲೋವರೆಗಿನವು ‘ಸಣ್ಣ’ ವರ್ಗಕ್ಕೆ ಸೇರುತ್ತವೆ, ಮಾದರಿ ವಿಮಾನಗಳೂ ಈ ನಿಯಮಗಳ ವ್ಯಾಪ್ತಿಯಲ್ಲೇ ಇವೆ. ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಸಂಶೋಧನೆ ಮತ್ತು ಪರೀಕ್ಷಾರ್ಥ ಹಾರಾಟಕ್ಕೆ ಕೆಲವು ವಿನಾಯಿತಿಗಳಿವೆ. ಆದರೆ ಅದು ಹಸಿರು ವಲಯದಲ್ಲಿ, ಸಂಸ್ಥೆಯ ಆವರಣದಲ್ಲಿ ಅಥವಾ ಅದರ ಹಿಡಿತದಲ್ಲಿರುವ ಬಯಲಿನಲ್ಲಿ ನಡೆಯಬೇಕು. ವಿಮಾನ ನಿಲ್ದಾಣದ ಗಡಿಯಿಂದ 8 ಕಿಲೋಮೀಟರ್‌ವರೆಗೆ ಹಸಿರು ವಲಯವಿಲ್ಲ, 8ರಿಂದ 12 ಕಿಲೋಮೀಟರ್ ನಡುವೆ 200 ಅಡಿಯ ಮಿತಿ, ಅದರಾಚೆ 400 ಅಡಿ. ಮೈಸೂರು ವಿಮಾನ ನಿಲ್ದಾಣ ಇರುವುದು ನಂಜನಗೂಡು ರಸ್ತೆಯ ಮಂಡಕಳ್ಳಿಯಲ್ಲೇ. ಹಾಗಾಗಿ ಕಟ್ಟುವುದು ನಂಜನಗೂಡಿನಲ್ಲಿ, ಹಾರಿಸುವುದು ನರಸೀಪುರ ತಾಲ್ಲೂಕಿನ ಆ ಶಾಲೆಯ ಸ್ವಂತ ಬಯಲಿನಲ್ಲಿ ಎಂದು ನಕ್ಷೆ ನೋಡಿ ನಿರ್ಧರಿಸಿದೆವು. ಯಾರಾದರೂ ಈ ಕೆಲಸಕ್ಕೆ ಕೈಹಾಕುವುದಾದರೆ ಮೊದಲು ಆ ಹೊತ್ತಿಗೆ ಜಾರಿಯಲ್ಲಿರುವ ನಿಯಮವನ್ನೂ ಡಿಜಿಟಲ್ ಸ್ಕೈ ನಕ್ಷೆಯನ್ನೂ ನೋಡಿಕೊಳ್ಳಬೇಕು. ಅಂಟು ಕೊಳ್ಳುವುದು ಆಮೇಲೆ.

ರೆಕ್ಕೆ ಕೊಯ್ದದ್ದು

ರೆಕ್ಕೆಯ ಆಕಾರಕ್ಕೆ ‘ಕ್ಲಾರ್ಕ್ ವೈ’ ಎಂಬ ಹಳೆಯ ಮಾದರಿಯನ್ನು ತೆಗೆದುಕೊಂಡೆವು. 1922ರಲ್ಲಿ ಅಮೆರಿಕದ ವರ್ಜಿನಿಯಸ್ ಕ್ಲಾರ್ಕ್ ರೂಪಿಸಿದ ಇದರ ಕೆಳಮೈ ಬಹುಪಾಲು ಚಪ್ಪಟೆ. ಮೇಜಿನ ಮೇಲಿಟ್ಟು ಕೆಲಸ ಮಾಡಲು ಅನುಕೂಲ, ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಬರೆದ ಚಿತ್ರಕ್ಕೂ ತೀರ ಹತ್ತಿರ. ಇದರ ಅಳತೆಗಳು ಶೇಕಡಾವಾರಿನಲ್ಲಿ ಸಿಗುತ್ತವೆ. ಪಟ್ಟಿ ಅಗಲದ ಶೇ. 30ರಲ್ಲಿ ಎತ್ತರ ಶೇ. 11.7, ಶೇ. 60ರಲ್ಲಿ 9.15, ಶೇ. 90ರಲ್ಲಿ 2.8, ಹೀಗೆ. ನಮ್ಮ 36 ಸೆಂಟಿಮೀಟರಿಗೆ ಇವು ಕ್ರಮವಾಗಿ 4.2, 3.3, 1 ಸೆಂಟಿಮೀಟರ್. ಒಂಬತ್ತನೇ ತರಗತಿಯ ಮಕ್ಕಳು ನಾಲ್ಕೈದು ಗುಂಪುಗಳಾಗಿ ಈ ಲೆಕ್ಕ ಮಾಡಿ ಗ್ರಾಫ್ ಹಾಳೆಯಲ್ಲಿ ಬಿಂದುಗಳನ್ನು ಗುರುತಿಸಿ ರೇಖೆ ಎಳೆದರು. ಒಂದು ಗುಂಪಿನ ರೆಕ್ಕೆಗೆ ಬೆನ್ನಿನಲ್ಲಿ ಗೂನು ಬಂದಿತ್ತು. 9.15ನ್ನು 91.5 ಎಂದು ಓದಿ, ಹಾಳೆಯಲ್ಲಿ ಹಿಡಿಯದೆ, ಕಣ್ಣಂದಾಜಿನಲ್ಲಿ ‘ಸರಿ’ ಮಾಡಿದ್ದರು. ದಶಮಾಂಶದ ಬಿಂದುವಿನ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಬೋಧನೋಪಕರಣ ನನಗೆ ಈವರೆಗೆ ಸಿಕ್ಕಿಲ್ಲ.

ಮಾದರಿ ವಿಮಾನಕ್ಕೆ ಹೆಸರುವಾಸಿಯಾದ ಬಾಲ್ಸಾ ಮರ ದುಬಾರಿ. ನಾವು ಥರ್ಮಾಕೋಲ್ ದಿಮ್ಮಿಗಳನ್ನು ಬಳಸಿದೆವು. ಪ್ಲೈವುಡ್ಡಿನಲ್ಲಿ ಆಕಾರದ ಎರಡು ಅಚ್ಚು ಕತ್ತರಿಸಿ ದಿಮ್ಮಿಯ ಎರಡೂ ತುದಿಗೆ ಚುಚ್ಚಿ ನಿಲ್ಲಿಸಿ, ಬಿದಿರಿನ ಬಿಲ್ಲಿಗೆ ಬಿಗಿದ ನೈಕ್ರೋಮ್ ತಂತಿಯನ್ನು 12 ವೋಲ್ಟಿನ ಬ್ಯಾಟರಿಯಿಂದ ಕಾಯಿಸಿ, ಅಚ್ಚಿನ ಅಂಚಿನ ಮೇಲೆ ನಿಧಾನವಾಗಿ ಎಳೆದರೆ ಬೆಣ್ಣೆಯಂತೆ ಕೊಯ್ದುಕೊಂಡು ಹೋಗುತ್ತದೆ. ಎರಡೂ ತುದಿಯಲ್ಲಿ ಹಿಡಿದವರು ಒಂದೇ ವೇಗದಲ್ಲಿ ಎಳೆಯಬೇಕು. ಅಚ್ಚಿನ ಮೇಲೆ ಒಂದರಿಂದ ಇಪ್ಪತ್ತರವರೆಗೆ ಗುರುತು ಹಾಕಿ ಇಬ್ಬರೂ ಗಟ್ಟಿಯಾಗಿ ಎಣಿಸುತ್ತಾ ಎಳೆಯುವುದೇ ಉಪಾಯ. ಹೊಗೆ ಒಳ್ಳೆಯದಲ್ಲ. ಈ ಕೆಲಸವನ್ನು ಪ್ರಶಿಕ್ಷಣಾರ್ಥಿಗಳೇ ವರಾಂಡದಲ್ಲಿ ಮಾಡಿದರು, ಮಕ್ಕಳ ಕೈಗೆ ಕೊಡಲಿಲ್ಲ.

ಕೊಯ್ದ ತುಂಡುಗಳ ನಡುವೆ ಅಲ್ಯೂಮಿನಿಯಂ ಚೌಕ ಕೊಳವೆ ಬೆನ್ನೆಲುಬಾಗಿ ಹೋಯಿತು. ರೆಕ್ಕೆ ಎರಡು ಭಾಗವಾಗಿ ಬಿಚ್ಚಿ ಬರುವಂತೆ ಮಾಡಿದ್ದು ಲಗೇಜ್ ಆಟೋದಲ್ಲಿ ಹಿಡಿಯಲಿ ಎಂದು. ಮೇಲೆ ಪುಸ್ತಕಕ್ಕೆ ಬೈಂಡು ಹಾಕುವ ಕಂದು ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಿಂದ ಅಂಟಿಸಿದೆವು. ಒಣಗಿದಾಗ ಅದು ಡೋಲಿನ ಚರ್ಮದಂತೆ ಬಿಗಿಯುತ್ತದೆ, ಬಗ್ಗಿದರೆ ಮುರಿಯುತ್ತಿದ್ದ ಥರ್ಮಾಕೋಲ್ ಗಟ್ಟಿಯಾಗುತ್ತದೆ. ದೇಹಕ್ಕೆ ತೆಳು ಪ್ಲೈವುಡ್ ಮತ್ತು ಜಾಹೀರಾತು ಫಲಕದ ಸನ್‌ಪ್ಯಾಕ್ ಹಾಳೆ, ಸರ್ವೊ ಮೋಟಾರಿನಿಂದ ಬಾಲದ ಪಟ್ಟಿಗಳನ್ನು ಎಳೆಯಲು ಸೈಕಲ್ ಸ್ಪೋಕು. ಬಾಲ ಏಕೆ ಬೇಕು ಎಂದು ವಿವರಿಸುವ ಕಷ್ಟ ನನಗೆ ಬರಲಿಲ್ಲ. “ಬಾಲಂಗೋಚಿ ಸಾರ್, ಇಲ್ಲಾಂದ್ರೆ ಗೋತಾ ಹೊಡೀತದೆ” ಎಂದು ಗಾಳಿಪಟದ ಹುಡುಗನೇ ಎಲ್ಲರಿಗೂ ಹೇಳಿದ.

ಮೋಟಾರು, ಬ್ಯಾಟರಿ, ರೇಡಿಯೊ ಮಾತ್ರ ಕೊಂಡು ತರಲೇಬೇಕು. ಖರ್ಚಿನ ಮುಕ್ಕಾಲು ಪಾಲು ಅಲ್ಲೇ ಹೋಗುತ್ತದೆ. ಇಂಥ ಕಲಿಕೆಯ ವಿಮಾನಕ್ಕೆ ಕಿಲೋಗೆ ಸುಮಾರು 200 ವ್ಯಾಟ್ ಎಂಬ ರೂಢಿಯ ಲೆಕ್ಕದಂತೆ ನಮಗೆ 960 ವ್ಯಾಟ್ ಬೇಕಿತ್ತು. 22.2 ವೋಲ್ಟಿನ ಬ್ಯಾಟರಿಯಿಂದ ಅಷ್ಟು ಪಡೆಯಲು ಸುಮಾರು 43 ಆಂಪಿಯರ್ ಹರಿಯಬೇಕು. ಮನೆಯ ಮಿಕ್ಸಿಗಿಂತ ಹೆಚ್ಚು ಶಕ್ತಿ ಒಂದು ಅಂಗೈಯಗಲದ ಮೋಟಾರಿನಲ್ಲಿ ಎಂದಾಗ ಹತ್ತನೇ ತರಗತಿಯವರೂ ಬಂದು ನೋಡಿದರು. ಲಿಥಿಯಂ ಬ್ಯಾಟರಿಯನ್ನು ಕಣ್ಣೆದುರಿಗೇ ಚಾರ್ಜ್ ಮಾಡಬೇಕು, ಫ್ಯಾನು ಜೋಡಿಸಿದ ಮೇಲೆ ಮೋಟಾರಿನ ಮುಂದೆ ಯಾರೂ ನಿಲ್ಲಬಾರದು. ಇವೆರಡರಲ್ಲಿ ರಿಯಾಯಿತಿ ಇಲ್ಲ.

ದಾರದ ಅಳತೆ

ರೆಕ್ಕೆಯ ಅಚ್ಚು ಸಿದ್ಧವಾದ ದಿನವೇ ಪ್ರಶಿಕ್ಷಣಾರ್ಥಿ ಅದನ್ನು ಶಾಲೆಗೆ ಒಯ್ದಳು. ಪ್ರಶ್ನೆ ಕೇಳಿದ್ದ ಹುಡುಗಿಯನ್ನೇ ಕರೆದು ಮುಂತುದಿಯಿಂದ ಹಿಂತುದಿಯವರೆಗೆ ಮೇಲ್ಮೈಗುಂಟ ಒಂದು ದಾರ, ಕೆಳಮೈಗುಂಟ ಇನ್ನೊಂದು ದಾರ ಹಿಡಿಸಿದಳು. ಮೇಲಿನದು 37.3 ಸೆಂಟಿಮೀಟರ್, ಕೆಳಗಿನದು 36.3. ಹಲಗೆಯ ಚಿತ್ರದಲ್ಲಿ ಅಷ್ಟು ಉಬ್ಬಿ ಕಾಣುತ್ತಿದ್ದ ರೆಕ್ಕೆಯಲ್ಲಿ ದಾರಿಯ ವ್ಯತ್ಯಾಸ ಒಂದೇ ಸೆಂಟಿಮೀಟರ್, ಶೇ. 3ಕ್ಕೂ ಕಡಿಮೆ. ಇದು ನಮಗೆಲ್ಲ ಮೊದಲ ಆಶ್ಚರ್ಯ.

ಈಗ ಹಳೆಯ ವಿವರಣೆ ನಿಜವೆಂದೇ ಇಟ್ಟುಕೊಳ್ಳೋಣ. ಎರಡು ಗಾಳಿಯೂ ಒಟ್ಟಿಗೆ ತಲುಪುತ್ತವೆ. ವಿಮಾನ ಸೆಕೆಂಡಿಗೆ 11 ಮೀಟರ್ ವೇಗದಲ್ಲಿದ್ದರೆ ಮೇಲಿನ ಗಾಳಿಯ ವೇಗ 11.3 ಆಗಬೇಕು. ನಮ್ಮ ಭಾಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಇಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.07 ಕಿಲೋ. ಎರಡೂ ವೇಗಗಳ ವರ್ಗಗಳ ವ್ಯತ್ಯಾಸವನ್ನು ಸಾಂದ್ರತೆಯ ಅರ್ಧದಿಂದ ಗುಣಿಸಿದರೆ ಒತ್ತಡದ ವ್ಯತ್ಯಾಸ ಬರುತ್ತದೆ: ಸುಮಾರು 3.6 ಪ್ಯಾಸ್ಕಲ್. ಅದನ್ನು ರೆಕ್ಕೆಯ ವಿಸ್ತೀರ್ಣದಿಂದ ಗುಣಿಸಿದರೆ 3.1 ನ್ಯೂಟನ್. ಎಂದರೆ 320 ಗ್ರಾಮಿನಷ್ಟು ಭಾರ ಎತ್ತುವ ಬಲ.

ವಿಮಾನದ ತೂಕ 4,800 ಗ್ರಾಮ್.

ನಮ್ಮ ಪಾಠದ ಲೆಕ್ಕದಂತೆ ರೆಕ್ಕೆ ತನ್ನ ಭಾರದ ಹದಿನೈದರಲ್ಲಿ ಒಂದು ಪಾಲನ್ನು ಮಾತ್ರ ಹೊರುತ್ತದೆ. ಪೂರ್ತಿ ಹೊರಬೇಕಾದರೆ ಗಂಟೆಗೆ 150 ಕಿಲೋಮೀಟರ್ ದಾಟಿದ ವೇಗ ಬೇಕು. ಶಾಲೆಯ ಬಯಲಿನಲ್ಲಿ ಅದು ಸಾಧ್ಯವೇ ಇಲ್ಲ. ಹಾಗಾದರೆ ವಿಮಾನ ಏಳುವುದೇ ಇಲ್ಲವೋ, ಪಾಠ ತಪ್ಪೋ? ಇದನ್ನೇ ಮಕ್ಕಳು ಊಹಾಪ್ರಶ್ನೆಯಾಗಿ ಬರೆದುಕೊಂಡರು. ಒಂಬತ್ತು ಜನ ‘ಏಳುವುದಿಲ್ಲ’ ಎಂದು ಬರೆದರು. ಮಿಸ್ ಹೇಳಿದ್ದು ತಪ್ಪಿರಲಾರದು ಎಂಬ ಗೌರವ ಅವರದು. ಆ ಒಂಬತ್ತು ಚೀಟಿಗಳನ್ನು ನಾನು ಇಟ್ಟುಕೊಂಡಿದ್ದೇನೆ.

ಬಯಲಿನಲ್ಲಿ

ಭತ್ತದ ಕುಯ್ಲು ಮುಗಿದು ಸುತ್ತಲ ಗದ್ದೆಗಳು ಖಾಲಿಯಾಗಿದ್ದ ಕಾಲ. ಹಾರಿಸಲು ಒಬ್ಬ ಪ್ರಶಿಕ್ಷಣಾರ್ಥಿಯ ಅಣ್ಣ ಬಂದಿದ್ದರು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಮಾದರಿ ವಿಮಾನ ಹಾರಿಸಿ ಪಳಗಿದವರು. ಅನುಭವವಿಲ್ಲದವರು ಐದು ಕಿಲೋದ ವಿಮಾನವನ್ನು ಮೊದಲ ಬಾರಿಗೆ ಕೈಗೆ ತೆಗೆದುಕೊಳ್ಳಲೇಬಾರದು. ಸುತ್ತಮುತ್ತ ಅಂಥವರು ಇಲ್ಲದಿದ್ದರೆ ಎನ್‌ಸಿಸಿ ವಾಯುದಳದ ಘಟಕವಿರುವ ಕಾಲೇಜುಗಳಲ್ಲಿ ವಿಚಾರಿಸಬಹುದು, ಅವರ ತರಬೇತಿಯಲ್ಲಿ ಮಾದರಿ ವಿಮಾನವೂ ಒಂದು ಭಾಗ.

ಮೊದಲ ಪ್ರಯತ್ನದಲ್ಲಿ ವಿಮಾನ ಎದ್ದಿತು. ಎದ್ದದ್ದೇ ಮೂತಿಯನ್ನು ಆಕಾಶಕ್ಕೆ ಎತ್ತಿ, ವೇಗ ಕಳೆದುಕೊಂಡು, ಎಡಕ್ಕೆ ಹೊರಳಿ, ರೆಕ್ಕೆಯ ಮೇಲೆ ಬಿತ್ತು. ಮಕ್ಕಳು ಕೂಗಲಿಲ್ಲ. ಅದೇ ಹೆಚ್ಚು ನೋವಾಯಿತು.

ತಪ್ಪು ನನ್ನದೇ. ಗುರುತ್ವ ಕೇಂದ್ರ ರೆಕ್ಕೆಯ ಮುಂತುದಿಯಿಂದ ಪಟ್ಟಿ ಅಗಲದ ಶೇ. 30ರಲ್ಲಿ, ಅಂದರೆ 10.8 ಸೆಂಟಿಮೀಟರಿನಲ್ಲಿ ಇರಬೇಕೆಂದು ನಕ್ಷೆಯಲ್ಲಿ ಬರೆದಿದ್ದೆವು. ಎರಡು ಕಡೆ ಬೆರಳಿಟ್ಟು ಎತ್ತಿ ಪರೀಕ್ಷಿಸಿಯೂ ಇದ್ದೆವು, ಆದರೆ ಬಾಲಕ್ಕೆ ಕಾಗದ ಅಂಟಿಸುವ ಮೊದಲು. ಆಮೇಲೆ ಕಾಗದ, ಅಂಟು ಸೇರಿ ಬಾಲದಲ್ಲಿ 150 ಗ್ರಾಮ್ ಹೆಚ್ಚಾಗಿತ್ತು. ಇಂಟರ್ನ್‌ಶಿಪ್ ಮುಗಿಯುವ ವಾರ, ದಾಖಲೆ ಪುಸ್ತಕಗಳ ಸಹಿ, ಆಟೋದವನ ಅವಸರ. ಮತ್ತೊಮ್ಮೆ ಬೆರಳಿಟ್ಟು ನೋಡಲಿಲ್ಲ. 150 ಗ್ರಾಮ್ ಎಷ್ಟು ಮಹಾ ಎನಿಸಬಹುದು. ಅದು ಇದ್ದದ್ದು 1.2 ಮೀಟರ್ ಹಿಂದೆ. ಕಾವಡಿಯ ಉದ್ದದ ತುದಿಗೆ ತೂಗಿದ ಸಣ್ಣ ಗಂಟಿನಂತೆ ಅದು ಇಡೀ ವಿಮಾನದ ಸಮತೋಲವನ್ನು ಸುಮಾರು 3.7 ಸೆಂಟಿಮೀಟರ್ ಹಿಂದಕ್ಕೆ ಎಳೆದು ಶೇ. 40ರ ಆಸುಪಾಸಿಗೆ ತಂದಿತ್ತು. ಅಷ್ಟು ಹಿಂದೆ ಬಂದರೆ ಮೂತಿ ಎತ್ತಿದ್ದನ್ನು ಇಳಿಸುವ ಸ್ವಭಾವವೇ ವಿಮಾನಕ್ಕೆ ಇರುವುದಿಲ್ಲ.

ಸರಿಪಡಿಸುವ ಲೆಕ್ಕವನ್ನು ಸೋಮವಾರ ತರಗತಿಯಲ್ಲೇ ಮಾಡಿದೆವು. ಭಾರ ಗುಣಿಸು ದೂರ: 150 ಗ್ರಾಮ್, 1.2 ಮೀಟರ್, ಗುಣಲಬ್ಧ 180. ಬ್ಯಾಟರಿ 750 ಗ್ರಾಮ್. ಅದನ್ನೊಂದೇ ಸರಿಸಿ ಸರಿದೂಗಿಸಬೇಕಾದರೆ 24 ಸೆಂಟಿಮೀಟರ್ ಮುಂದೆ ಹೋಗಬೇಕು. ಮೂತಿಯಲ್ಲಿ ಅಷ್ಟು ಜಾಗವಿರಲಿಲ್ಲ, 14 ಸೆಂಟಿಮೀಟರ್ ಮಾತ್ರ. ಉಳಿದದ್ದಕ್ಕೆ ಬಾಲದ ಕಾಗದವನ್ನು ಒಂದು ಪದರ ಕಿತ್ತು 60 ಗ್ರಾಮ್ ಇಳಿಸಿದೆವು. ಒಟ್ಟು 177. ಮುರಿದ ಎಡ ರೆಕ್ಕೆಗೆ ಹೊಸ ಕೊಳವೆ ಬಂತು. ಸನ್ನೆಯ ಪಾಠಕ್ಕೆ ಆ ವರ್ಷ ಬೇರೆ ಉದಾಹರಣೆ ಬೇಕಾಗಲಿಲ್ಲ.

ಎರಡನೇ ಸಲ ಕ್ರೀಡಾದಿನದ ಸುಣ್ಣದ ಪುಡಿಯಿಂದ 10 ಮೀಟರ್ ಅಂತರದಲ್ಲಿ ಎರಡು ಗೆರೆ ಎಳೆದು, ಪಕ್ಕದಲ್ಲಿ ದೂರ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿದೆವು. ಚಕ್ರ ನೆಲ ಬಿಟ್ಟದ್ದು ಎರಡನೇ ಗೆರೆಯ ಹತ್ತಿರ. ಎರಡು ಗೆರೆಗಳ ನಡುವೆ ಹಿಡಿದ ಸಮಯ 0.9 ಸೆಕೆಂಡ್, ಎಂದರೆ ಸೆಕೆಂಡಿಗೆ 11 ಮೀಟರ್, ಗಂಟೆಗೆ 40 ಕಿಲೋಮೀಟರ್. ಗಾಳಿ ಬಹುತೇಕ ನಿಂತಿತ್ತು. ವಿಮಾನ ಬಯಲಿನ ಮೇಲೆ ಆರು ಸುತ್ತು ಬಂದು ಇಳಿಯಿತು. ‘ಏಳುವುದಿಲ್ಲ’ ಎಂದು ಬರೆದ ಒಂಬತ್ತು ಜನರೂ ಚಪ್ಪಾಳೆ ತಟ್ಟಿದರು.

ಹಾಗಾದರೆ ಎತ್ತಿದ್ದು ಯಾವುದು?

ಮುಂದಿನ ಪಾಠವನ್ನು ಅದೇ ಪ್ರಶಿಕ್ಷಣಾರ್ಥಿ ನ್ಯೂಟನ್ನನ ಮೂರನೇ ನಿಯಮದಿಂದ ಆರಂಭಿಸಿದಳು. ಮೂತಿ ಸ್ವಲ್ಪ ಎತ್ತಿದ ರೆಕ್ಕೆ ತನ್ನ ಮೇಲೂ ಕೆಳಗೂ ಹಾದುಹೋಗುವ ಗಾಳಿಯನ್ನು ಕೆಳಮುಖವಾಗಿ ತಿರುಗಿಸುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ. ರೆಕ್ಕೆಯ ಹಾಸಿನಷ್ಟೇ, ಅಂದರೆ 2.4 ಮೀಟರ್ ವ್ಯಾಸದ ದುಂಡನೆಯ ಗಾಳಿಕಂಬವನ್ನು ರೆಕ್ಕೆ ತಿರುಗಿಸುತ್ತದೆಂದು ಸ್ಥೂಲವಾಗಿ ಭಾವಿಸಿದರೆ, ಸೆಕೆಂಡಿಗೆ 53 ಕಿಲೋ ಗಾಳಿ, ಒಂದು ಮೂಟೆಯಷ್ಟು, ಅದರ ಹಿಡಿತಕ್ಕೆ ಬರುತ್ತದೆ. ಅದಕ್ಕೆ ಸೆಕೆಂಡಿಗೆ 0.9 ಮೀಟರಿನಷ್ಟು ಕೆಳಮುಖ ವೇಗ ಕೊಟ್ಟರೂ ಸಾಕು, 47 ನ್ಯೂಟನ್ ಭಾರಕ್ಕೆ ಸರಿಹೋಗುತ್ತದೆ. ಗಾಳಿಗೂ ತೂಕವಿದೆ ಎಂದು ವರ್ಷವರ್ಷವೂ ಹೇಳುತ್ತೇವೆ. ಸೆಕೆಂಡಿಗೊಂದು ಮೂಟೆ ಎಂದಾಗ ಮಕ್ಕಳ ಮುಖದಲ್ಲಿ ಅದು ಇಳಿದದ್ದು ಕಂಡಿತು.

ಇಲ್ಲೊಂದು ಎಚ್ಚರಿಕೆ. ತಪ್ಪು ಬರ್ನೌಲಿಯದಲ್ಲ. ಮೇಲಿನ ಗಾಳಿ ವೇಗವಾಗಿ ಹೋಗುವುದೂ ನಿಜ, ಅಲ್ಲಿ ಒತ್ತಡ ಕಡಿಮೆಯಾಗುವುದೂ ನಿಜ. ವಾಸ್ತವವಾಗಿ ಅದು ನಮ್ಮ ಪಾಠದ ಲೆಕ್ಕಕ್ಕಿಂತ ಎಷ್ಟೋ ವೇಗವಾಗಿ ಓಡಿ, ಕೆಳಗಿನ ಗಾಳಿಗಿಂತ ಮೊದಲೇ ಹಿಂತುದಿ ದಾಟುತ್ತದೆ. ಕಾಯುವುದಿಲ್ಲ. ತಪ್ಪಿದ್ದದ್ದು ‘ಒಟ್ಟಿಗೆ ಸೇರಬೇಕು’ ಎಂಬ ಒಂದೇ ವಾಕ್ಯದಲ್ಲಿ. ಒತ್ತಡದ ಲೆಕ್ಕವೂ ಕೆಳಕ್ಕೆ ತಳ್ಳುವ ಲೆಕ್ಕವೂ ಒಂದೇ ಸಂಗತಿಯ ಎರಡು ವರದಿಗಳು. ರೈಟ್ ಸಹೋದರರ ವಿಮಾನದ ರೆಕ್ಕೆ ತೆಳ್ಳಗೆ ಬಾಗಿದ ಹಾಳೆಯಂತಿತ್ತು, ಮೇಲೆ ಕೆಳಗೆ ಉದ್ದ ಹೆಚ್ಚುಕಡಿಮೆ ಒಂದೇ. ಅವರು 1901ರಲ್ಲಿ ಸಣ್ಣ ಗಾಳಿಸುರಂಗ ಕಟ್ಟಿ ಸುಮಾರು 200 ಆಕಾರಗಳನ್ನು ಪರೀಕ್ಷಿಸಿದ್ದು ಆಗ ಲಭ್ಯವಿದ್ದ ಅಂಕಿಗಳು ತಮ್ಮ ಅನುಭವಕ್ಕೆ ಹೊಂದದ ಕಾರಣದಿಂದಲೇ. ನಮ್ಮ ರಾಜ್ಯದ ನಿದರ್ಶನ ಬೇಕಾದವರು 1940ರಲ್ಲಿ ಮೈಸೂರು ಸಂಸ್ಥಾನದ ಬೆಂಬಲದಿಂದ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನಿಂದ, ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನದಿಂದ ಪಾಠ ಆರಂಭಿಸಬಹುದು.

ತಲೆಕೆಳಗಾಗಿಯೂ ವಿಮಾನ ಹಾರುತ್ತದಲ್ಲ, ತೋರಿಸಿ ಎಂದು ಮಕ್ಕಳು ಕೇಳಿದರು. ಹಾರಿಸುವವರು ಅಂಟಿಸಿದ ರೆಕ್ಕೆಯನ್ನೊಮ್ಮೆ ನೋಡಿ, “ಇದರಲ್ಲಿ ಬೇಡಪ್ಪ” ಎಂದರು. ಹಾಗಾಗಿ ಉಳಿದ ಥರ್ಮಾಕೋಲಿನಲ್ಲಿ ಕೈಯಿಂದ ಎಸೆಯುವ ಸಣ್ಣ ಗ್ಲೈಡರ್ ಮಾಡಿ, ಉಬ್ಬನ್ನು ಕೆಳಗೆ ಮಾಡಿ, ಬಾಲದ ಪಟ್ಟಿಯನ್ನು ಬಗ್ಗಿಸಿ ಎಸೆದೆವು. ನೇರವಾಗಿ ಎಸೆದಷ್ಟು ದೂರ ಹೋಗಲಿಲ್ಲ, ಆದರೆ ತೇಲಿತು. ಅಷ್ಟು ದೂರ ಏಕೆ ಹೋಗಲಿಲ್ಲ ಎಂಬ ಪ್ರಶ್ನೆಯನ್ನು ಈ ಸಾಲಿನ ತಂಡಕ್ಕೆ ಉಳಿಸಿದ್ದೇವೆ.

ವಿಮಾನ ಈಗ ನಮ್ಮ ವಿಜ್ಞಾನ ಬೋಧನಾ ಕೊಠಡಿಯ ಸೂರಿನಲ್ಲಿ ತೂಗುತ್ತಿದೆ, ಎಡ ರೆಕ್ಕೆಯ ಅಂಟಿನ ಗುರುತು ಬಾಗಿಲಿಗೇ ಕಾಣುವಂತೆ. ಪ್ರಶಿಕ್ಷಣಾರ್ಥಿಯ ಅವಲೋಕನ ಪುಸ್ತಕವನ್ನು ಕೇಳಿ ಪಡೆದು, ನನ್ನ ಹಳೆಯ ಷರಾವನ್ನು ಹೊಡೆದುಹಾಕದೆ, ಅದರ ಕೆಳಗೆ ದಿನಾಂಕ ಹಾಕಿ ಬರೆದೆ: ‘ವಿವರಣೆಯಲ್ಲಿ ದೋಷವಿತ್ತು. ಅವಲೋಕಕರು ಗಮನಿಸಲಿಲ್ಲ. ಮೂರನೇ ಸಾಲಿನ ವಿದ್ಯಾರ್ಥಿನಿ ಗಮನಿಸಿದಳು.’